ಬರೆಗೆ ಹೂವಿನ ಹಾಸು, ಗಡಿಗೆ ಬಿದಿರಿನ ಮರೆ: ಕೊಡಗಿನ ಮನೆಯಂಗಳಕ್ಕೆ ಅರಾಚಿಸ್ ಮತ್ತು ಅಲಂಕಾರಿಕ ಬಿದಿರು

ಕೊಡಗಿನಲ್ಲಿ ಮನೆ ಕಟ್ಟುವುದೆಂದರೆ ಮೊದಲು ಗುಡ್ಡ ಕೊರೆದು ಮಟ್ಟ ಮಾಡುವ ಕೆಲಸ. ಗೃಹಪ್ರವೇಶದ ಹೊತ್ತಿಗೆ ಮನೆಯ ಹಿಂದೆ ಬೋಳಾದ ಕೆಂಪು ಬರೆ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ), ಮುಂದೆ ಇಳಿಜಾರು, ಪಕ್ಕದಲ್ಲಿ ರಸ್ತೆಯಲ್ಲಿ ಹೋಗುವವರ ಕಣ್ಣಿಗೆಲ್ಲ ತೆರೆದುಕೊಂಡ ಗಡಿ ಉಳಿದಿರುತ್ತವೆ. ನರ್ಸರಿಗೆ ಹೋದರೆ ಸಾಮಾನ್ಯವಾಗಿ ಎರಡು ಗಿಡ ತೋರಿಸುತ್ತಾರೆ. ಒಂದು, ನೆಲಕ್ಕಂಟಿ ಹಬ್ಬಿ ಹಳದಿ ಹೂ ಬಿಡುವ ಅರಾಚಿಸ್. ಇನ್ನೊಂದು, ಸಣ್ಣ ಎಲೆಯ ಅಲಂಕಾರಿಕ ಬಿದಿರು. ಎರಡೂ ಬೇಗ ಬೆಳೆಯುತ್ತವೆ, ಎರಡಕ್ಕೂ ನಮ್ಮ ಹುಳಿ ಮಣ್ಣು ಒಗ್ಗುತ್ತದೆ. ಆದರೆ ಇವು ಮಾಡುವ ಕೆಲಸ ಬೇರೆ ಬೇರೆ. ಮಣ್ಣು ಮುಚ್ಚಬೇಕಾದ ಕಡೆ ಅರಾಚಿಸ್, ನೋಟ ಮುಚ್ಚಬೇಕಾದ ಕಡೆ ಬಿದಿರು. ಇದು ಅದಲುಬದಲಾದರೆ, ಅದರಲ್ಲೂ ಬರೆಯ ನೆತ್ತಿಯ ಮೇಲೆ ಬಿದಿರು ಕೂತರೆ, ನಾಲ್ಕೈದು ಮಳೆಗಾಲ ಕಳೆದ ಮೇಲೆ ಅದರ ಫಲ ಗೊತ್ತಾಗುತ್ತದೆ.

ಎಲ್ಲಿಗೆ ಯಾವುದು

ಗಿಡ ತರುವ ಮೊದಲು ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆ ಸುತ್ತಬೇಕು. ನೀರು ಎಲ್ಲಿಂದ ಬಂದು ಎಲ್ಲಿಗೆ ಇಳಿಯುತ್ತದೆ, ಎಲ್ಲಿ ಕೆಂಪಗೆ ಕದಡಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಗೂಟ ಹೊಡೆದು ಗುರುತು ಮಾಡಿಕೊಳ್ಳಿ. ಮಣ್ಣು ಕೊಚ್ಚಿಹೋಗುವ ಜಾಗವೆಲ್ಲ ಅರಾಚಿಸ್‌ನದು. ನೀರು ನಿಲ್ಲುವ ಜಾಗ ಎರಡಕ್ಕೂ ಆಗದು. ಅಲ್ಲಿ ಮೊದಲು ಚರಂಡಿ ಆಗಬೇಕು.

ಬರೆಯ ಮೇಲೆ ಬಿದಿರು ಬೇಡ ಎನ್ನುವುದಕ್ಕೆ ಕಾರಣವಿದೆ. ಬಿದಿರಿನ ಬೇರುಗಳು ಜೊಂಡಾಗಿ ಹೆಣೆದುಕೊಂಡಿದ್ದರೂ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಸಮತಟ್ಟಿನಲ್ಲಿ ಅದು ಸಾಕು. ಕೊರೆದ ಬರೆಯ ಅಂಚಿನಲ್ಲಿ ಒಂದು ಕಡೆ ಬೇರಿಗೆ ಹಿಡಿತವೇ ಇರುವುದಿಲ್ಲ. ಮಳೆಯಲ್ಲಿ ನೆನೆದ ಮೆಳೆಯ ಭಾರ, ಅದನ್ನು ಹಿಡಿದು ಆಡಿಸುವ ಗಾಳಿ, ಕೆಳಗೆ ನೀರು ಕುಡಿದು ಮೆತ್ತಗಾದ ಮಣ್ಣು, ಮೂರೂ ಸೇರಿದರೆ ಮೆಳೆ ತನ್ನ ಮಣ್ಣಿನ ಮುದ್ದೆಯ ಸಮೇತ ಜಾರುತ್ತದೆ. ಬರೆಯ ಅಂಚಿನಿಂದ ಹಿಂದಕ್ಕೆ, ಬರೆಯ ಎತ್ತರದಷ್ಟಾದರೂ ದೂರ ಬಿಟ್ಟು ಬಿದಿರು ನೆಡುವುದು ಕ್ಷೇಮ.

ಇನ್ನೊಂದು ಮಾತನ್ನು ಬಿಡಿಸಿ ಹೇಳಲೇಬೇಕು. ಅರಾಚಿಸ್ ತಡೆಯುವುದು ಮೇಲ್ಮಣ್ಣಿನ ಸವಕಳಿಯನ್ನು ಮಾತ್ರ. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ನಡೆದಂತೆ ಗುಡ್ಡವೇ ಒಳಗಿನಿಂದ ಜಾರುವುದನ್ನು ಯಾವ ನೆಲಹಾಸೂ ತಡೆಯದು, ಬಿದಿರೂ ತಡೆಯದು. ಬರೆಯ ನೆತ್ತಿಯಲ್ಲಿ ಬಿರುಕು ಕಂಡರೆ, ಬುಡದಲ್ಲಿ ಹೊಸದಾಗಿ ಒರತೆ ಕಾಣಿಸಿಕೊಂಡರೆ, ಮರಗಳು ವಾಲಿದರೆ ಅದು ತೋಟಗಾರಿಕೆಯ ಕೆಲಸವಲ್ಲ. ಅಲ್ಲಿ ಗಿಡ ನೆಡುವುದನ್ನು ನಿಲ್ಲಿಸಿ ಜಾಗ ಖಾಲಿ ಮಾಡಿ, ತಿಳಿದವರಿಗೆ ತೋರಿಸಬೇಕು.

ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ಆನೆ ಓಡಾಡುವ ತೋಟಗಳಲ್ಲಿ ಬಿದಿರಿನ ವಿಚಾರ ಮತ್ತೊಮ್ಮೆ ಯೋಚಿಸಿ. ಬಿದಿರು ಆನೆಯ ಇಷ್ಟದ ಮೇವು. ಹಲಸಿನ ಹಣ್ಣನ್ನು ಮನೆ ಹತ್ತಿರ ಮಾಗಲು ಬಿಡದವರು ಅಂಗಳದ ಬೇಲಿಗೆ ಬಿದಿರು ನೆಟ್ಟರೆ ಆ ಎಚ್ಚರಿಕೆಯೆಲ್ಲ ವ್ಯರ್ಥ. ಅಂಥ ಕಡೆ ಮರೆಗೆ ದಾಸವಾಳವೇ ಇರಲಿ.

ಕೊಳ್ಳುವಾಗ ಮೋಸ ಹೋಗುವ ಜಾಗ

ಈ ಎರಡು ಗಿಡಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ನಿಜಕ್ಕೂ ಇವುಗಳದ್ದಲ್ಲ, ಇವುಗಳಂತೆ ಕಾಣುವ ಬೇರೆ ಗಿಡಗಳದ್ದು.

ಅರಾಚಿಸ್ ಕಡಲೆಕಾಯಿ ಗಿಡದ ದಾಯಾದಿ. ಪೂರ್ತಿ ಹೆಸರು ಅರಾಚಿಸ್ ಪಿಂಟೋಯ್. 1954ರಲ್ಲಿ ಬ್ರೆಜಿಲಿನ ಬಾಹಿಯಾದಲ್ಲಿ ಇದನ್ನು ಸಂಗ್ರಹಿಸಿದ ಜೆರಾಲ್ಡೊ ಪಿಂಟೊ ಅವರ ಹೆಸರೇ ಗಿಡಕ್ಕೂ ಬಂತು. ಒಂದು ತೊಟ್ಟಿಗೆ ನಾಲ್ಕು ಎಲೆ, ಎರಡು ಜೋಡಿಯಾಗಿ. ಹೂವು ಬಟಾಣಿ ಹೂವಿನ ಆಕಾರದ್ದು, ಅರಿಶಿನ ಹಳದಿ. ಇದರ ಬದಲಿಗೆ ಕೈಗೆ ಬರುವುದು ವೆಡೇಲಿಯ. ಅದರ ಹೂವೂ ಹಳದಿ, ಅದೂ ನೆಲಕ್ಕೆ ಹಬ್ಬುತ್ತದೆ. ಆದರೆ ಹೂವು ಪುಟ್ಟ ಸೂರ್ಯಕಾಂತಿಯಂತೆ, ಎಲೆ ಒರಟಾಗಿ ಮೂರು ಸೀಳಾಗಿ ಇರುತ್ತದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ವೆಡೇಲಿಯ ಸೇರಿದೆ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ತೋಡಿನ ದಡ, ಗದ್ದೆಯ ಬದು, ಕಾಫಿ ಗಿಡದ ಬುಡ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಪಕ್ಕದವರು ಬಿಟ್ಟಿ ಕೊಟ್ಟರೂ ಅದನ್ನು ತರಬೇಡಿ.

ಬಿದಿರಿನಲ್ಲಿ ಗೊಂದಲ ಇನ್ನೂ ಹೆಚ್ಚು, ಏಕೆಂದರೆ 'ಗೋಲ್ಡನ್ ಬ್ಯಾಂಬೂ' ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಗಿಡ ಮಾರಾಟವಾಗುತ್ತವೆ. ಒಂದು ಬಾಂಬೂಸ ಮಲ್ಟಿಪ್ಲೆಕ್ಸ್, ಮನೆಯ ಮರೆಗೆ ಹೇಳಿ ಮಾಡಿಸಿದ್ದು. 10ರಿಂದ 20 ಅಡಿ ಎತ್ತರ, ಬೆರಳು ದಪ್ಪದ ಗಳು (ಬಿದಿರಿನ ಕಾಂಡ), ಬುಡದಲ್ಲೇ ಒತ್ತಾಗಿ ನಿಲ್ಲುತ್ತದೆ. ಹಳದಿ ಗಳುವಿನ ಮೇಲೆ ಹಸಿರು ಗೆರೆ ಇರುವ ಅಲ್ಫಾನ್ಸ್ ಕಾರ್ ಇದರದೇ ಒಂದು ತಳಿ. ಎರಡನೆಯದು ಹಸಿರು ಗೆರೆಯ ದಪ್ಪ ಹಳದಿ ಬಿದಿರು, ಬಾಂಬೂಸ ವಲ್ಗಾರಿಸ್ ವಿಟ್ಟಾಟ. ಅದೂ ಮೆಳೆಯಾಗಿಯೇ ಇರುತ್ತದೆ, ಆದರೆ 40 ಅಡಿ ದಾಟುತ್ತದೆ. ಎಕರೆಗಟ್ಟಲೆ ಜಾಗ ಇದ್ದವರಿಗೆ ಚೆನ್ನ, ಹತ್ತು ಸೆಂಟ್ಸ್ ಜಾಗಕ್ಕೆ ಅಲ್ಲ. ಮೂರನೆಯದು ಫಿಲೋಸ್ಟಾಕಿಸ್ ಆರಿಯಾ. ಇದು ಮೆಳೆಯಾಗಿ ನಿಲ್ಲುವುದಿಲ್ಲ, ನೆಲದೊಳಗೆ ಓಡುತ್ತದೆ. ನೆಟ್ಟ ಜಾಗದಿಂದ ಹತ್ತಾರು ಅಡಿ ಆಚೆ, ಅಂಗಳದ ಇಂಟರ್‌ಲಾಕ್ ಕಲ್ಲಿನ ಸಂದಿಯಲ್ಲಿ, ಪಕ್ಕದವರ ಜಾಗದಲ್ಲಿ ಮೊಳಕೆ ಎಬ್ಬಿಸುತ್ತದೆ.

ಓಡುವ ಬಿದಿರನ್ನು ಕಂಡುಹಿಡಿಯಲು ಬೆರಳೇ ಸಾಕು. ರೆಂಬೆ ಒಡೆದಿರುವ ಗೆಣ್ಣಿನ ಮೇಲಿನ ಗಳುವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಸುತ್ತ ತಿರುಗಿಸಿ. ಒಂದು ಬದಿ ತಗ್ಗಾಗಿ, ಉದ್ದಕ್ಕೆ ತೋಡು ತೆಗೆದಂತೆ ಸಿಕ್ಕರೆ ಅದು ಫಿಲೋಸ್ಟಾಕಿಸ್. ಗೆಣ್ಣಿಗೆ ಎರಡೇ ಮುಖ್ಯ ರೆಂಬೆ, ಒಂದು ದಪ್ಪ ಒಂದು ಸಣ್ಣ, ಇದ್ದರೆ ಅನುಮಾನವೇ ಬೇಡ. ಬಾಂಬೂಸದ ಗಳು ಎಲ್ಲ ಕಡೆಯೂ ಗುಂಡಗೆ ಇರುತ್ತದೆ, ಗೆಣ್ಣಿಗೆ ಪೊರಕೆಯಂತೆ ಹಲವು ರೆಂಬೆ ಒಡೆಯುತ್ತವೆ. ಸಾಧ್ಯವಾದರೆ ಚೀಲವನ್ನು ಸ್ವಲ್ಪ ಬಿಡಿಸಿ ಬುಡವನ್ನೂ ನೋಡಿ. ತೆಳ್ಳಗೆ ಹಗ್ಗದಂತೆ ಚೀಲದ ಒಳಸುತ್ತು ಸುತ್ತಿಕೊಂಡ ಗಡ್ಡೆ ಓಡುವ ಜಾತಿಯದು. ದಪ್ಪಗೆ, ಮೊಂಡಾಗಿ, ಕೊಕ್ಕೆಯಂತೆ ಬಾಗಿ ಮೇಲೆ ಬಂದದ್ದು ಮೆಳೆ ಜಾತಿಯದು.

(ಗಾಜಿನ ಲೋಟದಲ್ಲಿ ನೀರು ಹಾಕಿ ಇಡುವ 'ಲಕ್ಕಿ ಬ್ಯಾಂಬೂ' ಬಿದಿರೇ ಅಲ್ಲ, ಡ್ರಸೀನ. ಅದನ್ನು ಗಡಿಗೆ ನೆಟ್ಟರೆ ಮರೆಯಾಗದು.)

ಅರಾಚಿಸ್ ನೆಡುವುದು

ಹೊತ್ತು ಎರಡು. ಇಳಿಜಾರು ಮತ್ತು ಬರೆಗೆ ಮೇ ಮೊದಲ ಎರಡು ವಾರ, ಮುಂಗಾರಿಗೆ ಮುಂಚಿನ ಮಳೆಯ ತೇವದಲ್ಲಿ. ಜೂನಿನ ಮಳೆ ಹಿಡಿಯುವಷ್ಟರಲ್ಲಿ ತುಂಡುಗಳಿಗೆ ಬೇರು ಹಿಡಿಯಲು ಮೂರು ನಾಲ್ಕು ವಾರ ಸಿಗಬೇಕು. ಅದು ತಪ್ಪಿದರೆ ಕೈಲ್‌ಪೋಳ್ದ್ (ಸೆಪ್ಟೆಂಬರ್ ಮೊದಲ ವಾರದ ಕೊಡವರ ಹಬ್ಬ) ಕಳೆಯುವ ತನಕ ಕಾಯಿರಿ. ಸೆಪ್ಟೆಂಬರಿನಲ್ಲಿ ಮಣ್ಣು ಹದವಾಗಿರುತ್ತದೆ, ಮಳೆಯ ಹೊಡೆತ ಇರುವುದಿಲ್ಲ. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ) ಮಳೆಯಲ್ಲಿ ನೆಟ್ಟದ್ದು ಅರ್ಧ ಕೊಳೆಯುತ್ತದೆ, ಅರ್ಧ ತೊಳೆದು ಚರಂಡಿ ಸೇರುತ್ತದೆ.

ಮೊದಲ ಕೆಲಸ ಕಳೆ. ಇಲ್ಲಿ ಆತುರ ಮಾಡಿದವರು ಆಮೇಲೆ ವರ್ಷಗಟ್ಟಲೆ ಕೂತು ಕಳೆ ಕೀಳುತ್ತಾರೆ. ಗರಿಕೆ, ಮುಟ್ಟಿದರೆ ಮುನಿ, ಜೇಕಿನ ಗಡ್ಡೆ ಇವನ್ನು ಬೇರು ಸಮೇತ ತೆಗೆದು, ನೀರು ಹಾಯಿಸಿ, ಎರಡು ವಾರ ಬಿಟ್ಟು ಮತ್ತೆ ಮೊಳೆತದ್ದನ್ನು ಇನ್ನೊಮ್ಮೆ ತೆಗೆಯಬೇಕು. ಅರಾಚಿಸ್ ಒಮ್ಮೆ ಹಬ್ಬಿದ ಮೇಲೆ ಕಳೆನಾಶಕ ಸಿಂಪಡಿಸುವುದು ಸುಲಭವಲ್ಲ. ಗ್ಲೈಫೋಸೇಟಿನಂಥದ್ದು ಕಳೆಯ ಜೊತೆಗೆ ಇದಕ್ಕೂ ಹಾನಿ ಮಾಡಬಹುದು.

ಸಮತಟ್ಟಿನ ನೆಲವಾದರೆ ನಾಲ್ಕು ಇಂಚು ಮಾತ್ರ ಕೆದಕಿ, 100 ಚದರಡಿಗೆ ಎರಡು ಮಂಕರಿ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಅಥವಾ ಹಳೆಯ ಕಾಫಿ ಸಿಪ್ಪೆ ಗೊಬ್ಬರ ಬೆರೆಸಿ. ಹಸಿ ಸಿಪ್ಪೆ ಬೇಡ, ಕೊಳೆಯುವಾಗ ಬಿಸಿಯಾಗಿ ತುಂಡುಗಳನ್ನು ಸುಡುತ್ತದೆ. ಬರೆಯನ್ನು ಮಾತ್ರ ಅಗೆಯಬಾರದು. ಸಡಿಲವಾದ ಮಣ್ಣೇ ಮೊದಲು ಜಾರುವುದು. ಅಲ್ಲಿ ಚೂಪು ಗೂಟದಿಂದ ತೂತು ಮಾಡಿ ನೆಟ್ಟರೆ ಸಾಕು.

ತುಂಡುಗಳು ಆರರಿಂದ ಎಂಟು ಇಂಚು ಉದ್ದ, ನಾಲ್ಕೈದು ಗೆಣ್ಣು ಇರಬೇಕು. ತುದಿಯ ಎಳೆಯ ಭಾಗವೂ ಬೇಡ, ಕಟ್ಟಿಗೆಯಾದ ಹಳೆಯದೂ ಬೇಡ. ಬುಡದ ಎಲೆ ಸವರಿ, ಎರಡು ಮೂರು ಗೆಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ಊರಿ, ಹೆಬ್ಬೆರಳಿನಿಂದ ಒತ್ತಿ. ಮಣ್ಣು ಒತ್ತದೆ ಬಿಟ್ಟರೆ ಒಳಗೆ ಗಾಳಿ ಉಳಿದು ತುಂಡು ಒಣಗುತ್ತದೆ. ಸಮನೆಲಕ್ಕೆ 10 ಇಂಚಿಗೊಂದು, ಅಂದರೆ 100 ಚದರಡಿಗೆ ಸುಮಾರು 150 ತುಂಡು. ಬರೆಗೆ 8 ಇಂಚಿಗೊಂದು, ಸುಮಾರು 230. ಸಾಲುಗಳು ಇಳಿಜಾರಿಗೆ ಅಡ್ಡವಾಗಿರಲಿ, ಒಂದು ಸಾಲಿನ ಸಂದಿಗೆ ಕೆಳಗಿನ ಸಾಲಿನ ಗಿಡ ಬರಲಿ. ಮೇಲಿಂದ ಕೆಳಕ್ಕೆ ನೇರ ಸಾಲು ಹಾಕಿದರೆ ಮಳೆನೀರಿಗೆ ನೀವೇ ಕಾಲುವೆ ತೋಡಿಕೊಟ್ಟಂತೆ. ಕತ್ತರಿಸಿದ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಅದೇ ದಿನ ನೆಟ್ಟು ಮುಗಿಸಬೇಕು.

ಬರೆ ಕಡಿದಾಗಿದ್ದರೆ ತೆಂಗಿನ ನಾರಿನ ಬಲೆ ಹೊದಿಸಿ, ಎರಡಡಿಗೊಂದು ಒಣ ಗೂಟ ಬಡಿದು, ಕಣ್ಣುಗಳ ಮೂಲಕ ನೆಡುವುದು ಒಳ್ಳೆಯದು. ನೇರ ಗೋಡೆಯಂತೆ ನಿಂತ ಬರೆಗೆ ಇದೂ ಹಿಡಿಯದು. ಅಲ್ಲಿ ಮೆಟ್ಟಿಲು ಮಾಡಬೇಕು, ಇಲ್ಲವೇ ಕಲ್ಲಿನ ಕಟ್ಟೆ ಕಟ್ಟಬೇಕು.

ಮೊದಲ ತಿಂಗಳು ಏನೂ ನಡೆಯದಂತೆ ಕಾಣುತ್ತದೆ. ಮೂರರಿಂದ ಐದು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಅದುವರೆಗೆ ಹದಿನೈದು ದಿನಕ್ಕೊಮ್ಮೆ ಕಳೆ ಕೀಳಲೇಬೇಕು. ಗಿಡ ಚೆನ್ನಾಗಿ ಕೂತಿದೆಯೇ ಎಂದು ತಿಳಿಯಲು ಎರಡು ತಿಂಗಳಾದ ಮೇಲೆ ಒಂದನ್ನು ಮೆಲ್ಲಗೆ ಎಬ್ಬಿಸಿ ಬೇರು ನೋಡಿ. ಸಾಸಿವೆಕಾಳಿನಷ್ಟು ದೊಡ್ಡ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣವಿದ್ದರೆ ಆ ಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿದೆ ಎಂದರ್ಥ. ಆಮೇಲೆ ಯೂರಿಯಾ ಹಾಕುವ ಅಗತ್ಯವೇ ಇಲ್ಲ. ಹಾಕಿದರೆ ಹುಲ್ಲಿಗಷ್ಟೇ ಲಾಭ. ಗಂಟಿನ ಒಳಗೆ ಬಿಳಿ ಅಥವಾ ಬೂದುಬಣ್ಣ ಇದ್ದರೆ ಬೇರುಬಿಟ್ಟ ಹಳೆಯ ಅರಾಚಿಸ್ ಹಾಸಿನಿಂದ ಎರಡು ಮುಷ್ಟಿ ಮಣ್ಣು ತಂದು ನೀರಿನಲ್ಲಿ ಕದಡಿ ಸುರಿಯಿರಿ.

ನೆರಳಿನ ಲೆಕ್ಕ: ದಿನಕ್ಕೆ ನಾಲ್ಕು ಗಂಟೆ ಬಿಸಿಲು ಸಿಕ್ಕರೆ ಹೂವು ತುಂಬುತ್ತದೆ. ಸಿಲ್ವರ್ ಓಕಿನ ತೆಳು ನೆರಳಲ್ಲೂ ಹಬ್ಬುತ್ತದೆ, ಹೂ ಕಡಿಮೆ. ದಟ್ಟ ಹಲಸಿನ ಮರದಡಿ ಬರೀ ಬಳ್ಳಿ.

ಬಿದಿರು ನೆಡುವುದು

ಇನ್ನು ಹೇಳುವುದೆಲ್ಲ ಬಾಂಬೂಸ ಮಲ್ಟಿಪ್ಲೆಕ್ಸ್‌ಗೆ. ನೆಡಲು ಮೃಗಶಿರಾ ಮಳೆಯ ಹೊತ್ತು ಚೆನ್ನ, ಅಂದರೆ ಜೂನಿನ ಎರಡನೇ ಮೂರನೇ ವಾರ. ಮಡಿಕೇರಿ, ಭಾಗಮಂಡಲ ಕಡೆಯ ಮಳೆಗೆ ಗುಂಡಿಯಲ್ಲಿ ನೀರು ನಿಲ್ಲುವ ಅಪಾಯವಿರುವುದರಿಂದ ಮಣ್ಣನ್ನು ನೆಲಮಟ್ಟಕ್ಕಿಂತ ಅರ್ಧ ಅಡಿ ಏರಿಸಿ ದಿಬ್ಬದ ಮೇಲೆ ನೆಡಿ. ಮಳೆ ಕಡಿಮೆಯಿರುವ ಕುಶಾಲನಗರದ ಕಡೆ ನೆಲಮಟ್ಟದಲ್ಲೇ ಇರಲಿ, ಸುತ್ತ ಪಾತಿ ಬೇಕು.

ಮನೆಯ ಗೋಡೆಯಿಂದ 10 ಅಡಿ, ಇಂಗುಗುಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನಿಂದ 15 ಅಡಿ, ಪಕ್ಕದವರ ಗಡಿಯಿಂದ ಕನಿಷ್ಠ 4 ಅಡಿ ಬಿಡಿ. ಕರೆಂಟು ತಂತಿಯ ಕೆಳಗಂತೂ ಬೇಡವೇ ಬೇಡ. ಒದ್ದೆ ಗಳುಗಳು ಬಾಗಿ ತಂತಿ ಮುಟ್ಟುತ್ತವೆ. ಗುಂಡಿ ಎರಡಡಿ ಉದ್ದ, ಅಗಲ, ಆಳ. ಗುಂಡಿಯ ಮೇಲ್ಮಣ್ಣಿಗೆ 10 ಕೆಜಿ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಮರೆ ಬೇಗ ಕೂಡಬೇಕೆಂದರೆ 3 ಅಡಿಗೊಂದು ಗಿಡ, 30 ಅಡಿ ಗಡಿಗೆ 11 ಬೇಕಾಗುತ್ತದೆ. ಎರಡು ವರ್ಷ ಕಾಯುವ ತಾಳ್ಮೆಯಿದ್ದರೆ 4 ಅಡಿಯೇ ಉತ್ತಮ, ಆಮೇಲೆ ಒಳಗೆ ಕೈ ಹಾಕಿ ಸವರಲು ಜಾಗವಿರುತ್ತದೆ. ಚೀಲದ ಮಣ್ಣು ಎಷ್ಟು ಮೇಲಿತ್ತೋ ಅಷ್ಟೇ ಮಟ್ಟಕ್ಕೆ ನೆಡಿ. ಬುಡ ಹೂತುಹೋದರೆ ಕಣಿಲೆ (ಬಿದಿರಿನ ಎಳೆ ಮೊಳಕೆ) ಕೊಳೆಯುತ್ತದೆ.

ಹೊಸ ಗಳು ಮಳೆಗಾಲದಲ್ಲೇ ಏಳುತ್ತದೆ. ಒಂದು ಗಳು ಎಷ್ಟು ಎತ್ತರ, ಎಷ್ಟು ದಪ್ಪ ಆಗಬೇಕೋ ಅದನ್ನು ಎರಡು ಮೂರು ತಿಂಗಳಲ್ಲೇ ಮುಗಿಸುತ್ತದೆ. ಆಮೇಲೆ ಒಂದಿಂಚೂ ಬೆಳೆಯದು. ಮುಂದಿನ ವರ್ಷದ ಗಳು ಮಾತ್ರ ಇನ್ನೂ ಎತ್ತರ. ಆದ್ದರಿಂದ ಮೊದಲ ವರ್ಷ ಕಡ್ಡಿಯಂಥ ಗಳು ಕಂಡು ಬೇಸರಪಡಬೇಡಿ, ಗೊಬ್ಬರವನ್ನು ಇನ್ನಷ್ಟು ಸುರಿಯಲೂ ಬೇಡಿ. ಮೂರನೇ ಮಳೆಗಾಲಕ್ಕೆ ಮರೆ ಕೂಡುತ್ತದೆ. ಎಳೆ ಕಣಿಲೆಯನ್ನು ಮುಳ್ಳುಹಂದಿ, ಕಾಡುಹಂದಿ, ಕೋತಿ ಮುರಿಯುತ್ತವೆ. ಜೂನಿನಿಂದ ಸೆಪ್ಟೆಂಬರ್ ತನಕ ಬುಡದ ಸುತ್ತ ಮುಳ್ಳಿನ ಕೊಂಬೆ ಒಟ್ಟುವುದು ಹಳೆಯ, ಒಳ್ಳೆಯ ಉಪಾಯ.

ಈ ಗಿಡದ ಕಣಿಲೆಯಿಂದ ಬೈಂಬಳೆ ಕರಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಆಗದು, ಇದು ಬೆರಳಿಗಿಂತ ಸಣ್ಣ, ಕಹಿಯೂ ಹೌದು. ಅಡುಗೆಗೆ ಹೆಬ್ಬಿದಿರಿನದೇ ಬೇಕು. ಅದನ್ನೂ ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಬೇಯಿಸಿಯೇ ತಿನ್ನಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಹೊರಬಿಡುವ ಅಂಶವಿದೆ.

ಸವರುವ ಕ್ರಮ

ಬಿದಿರಿನ ಮೆಳೆ ಕೆಡುವುದು ಹೆಚ್ಚಾಗಿ ರೋಗದಿಂದಲ್ಲ, ಸವರದೆ ಬಿಡುವುದರಿಂದ. ನಾಲ್ಕನೇ ವರ್ಷದಿಂದ, ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ, ಡಿಸೆಂಬರ್ ಜನವರಿಯಲ್ಲಿ ಹಳೆಯ ಗಳು ತೆಗೆಯಬೇಕು. ಮಳೆಗಾಲದಲ್ಲಿ ಕೈ ಹಾಕಿದರೆ ಏಳುತ್ತಿರುವ ಕಣಿಲೆ ಮುರಿಯುತ್ತದೆ.

ವಯಸ್ಸು ಗಳುವಿನ ಮೈಯಲ್ಲೇ ಬರೆದಿರುತ್ತದೆ. ಈ ವರ್ಷದ್ದಕ್ಕೆ ಗೆಣ್ಣಿನ ಹತ್ತಿರ ಒಣ ಸಿಪ್ಪೆ ಅಂಟಿಕೊಂಡಿರುತ್ತದೆ, ಮೈಮೇಲೆ ಬೂದಿ ಸವರಿದಂಥ ಬಿಳಿ ಪುಡಿ, ಬೆರಳು ಉಜ್ಜಿದರೆ ಅಂಟುತ್ತದೆ. ಎರಡನೇ ವರ್ಷದ್ದು ಸಿಪ್ಪೆ ಕಳಚಿ ನುಣ್ಣಗೆ ಹೊಳೆಯುತ್ತದೆ. ಮೂರು ದಾಟಿದ್ದಕ್ಕೆ ಹೊಳಪಿಲ್ಲ, ಬಣ್ಣ ಮಾಸಿ, ನಮ್ಮ ಮಂಜಿಗೆ ಬೂದುಬಣ್ಣದ ಕಲ್ಲುಹೂವಿನ ಮಚ್ಚೆ ಹಿಡಿದಿರುತ್ತದೆ. ತೆಗೆಯಬೇಕಾದದ್ದು ಈ ಮಚ್ಚೆಯವನ್ನು ಮಾತ್ರ. ಒಂದು ವರ್ಷಕ್ಕೆ ಮೆಳೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೇಡ. ನೆಲಕ್ಕೆ ಹತ್ತಿರದ ಗೆಣ್ಣಿನ ಸ್ವಲ್ಪವೇ ಮೇಲೆ, ಕಾಲು ಇಂಚಿನಲ್ಲಿ, ಗರಗಸದಿಂದ ಕೊಯ್ಯಿರಿ. ಗೆಣ್ಣಿನಿಂದ ನಾಲ್ಕು ಬೆರಳು ಮೇಲೆ ಕಡಿದರೆ ಉಳಿದ ಕೊಳವೆ ಲೋಟದಂತೆ ಮಳೆನೀರು ಹಿಡಿದು ಸೊಳ್ಳೆ ಮರಿ ಮಾಡುತ್ತದೆ. ಡೆಂಗಿ ಹರಡುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಕತ್ತಿಯಿಂದ ಓರೆ ಕಡಿದ ಚೂಪು ಬುಡ ಕಾಲಿಗೆ ನೆಡುವ ಅಪಾಯವೂ ಇದೆ.

ಎತ್ತರ ತಗ್ಗಿಸಬೇಕಾದರೆ ಬೇಕಾದ ಎತ್ತರದಲ್ಲಿ ಗೆಣ್ಣಿನ ಮೇಲೆ ತುದಿ ಕತ್ತರಿಸಿ. ಆ ಗಳು ಮತ್ತೆ ಎತ್ತರ ಹೋಗದು.

ಏನು ಕೆಡುತ್ತದೆ, ಏಕೆ

ಮಳೆಗಾಲದ ನಡುವೆ ಅರಾಚಿಸ್ ಹಾಸಿನಲ್ಲಿ ತಟ್ಟೆಯಗಲದ ಕಂದು ಕೊಳೆ ಕಂಡರೆ ಶಿಲೀಂಧ್ರ. ಹಾಸು ದಪ್ಪಗೆ ಬೆಳೆದು ಒಳಗೆ ಗಾಳಿ ಆಡದಿದ್ದುದು ಕಾರಣ. ಕೊಳೆತ ಭಾಗವನ್ನು ಸುತ್ತ ಅರ್ಧ ಅಡಿ ಸೇರಿಸಿ ತೆಗೆದುಹಾಕಿ, ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಬೆರೆಸಿದ ಗೊಬ್ಬರ ತುಂಬಿ. ಮುಂದಿನ ವರ್ಷ ಮೇ ಕೊನೆಯಲ್ಲಿ ಹಾಸನ್ನು ಮೂರು ಇಂಚಿಗೆ ಸವರಿಬಿಟ್ಟರೆ ಇದು ಬರುವುದು ಅಪರೂಪ. ಸವರಿದ ಸೊಪ್ಪು ದನಕ್ಕೆ ಒಳ್ಳೆಯ ಮೇವು. ಹೊಸ ಸಿಮೆಂಟ್ ಗೋಡೆಯ ಬುಡದಲ್ಲಿ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಸುಣ್ಣದಂಶ ಹೆಚ್ಚಾಗಿ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ಆ ಪಟ್ಟಿಯಲ್ಲಿ ಒಂದಡಿ ಜಲ್ಲಿ ಹಾಕಿ ಬಿಟ್ಟುಬಿಡಿ. ಫೆಬ್ರವರಿ ಮಾರ್ಚಿನಲ್ಲಿ ಬಾಡಿದರೆ ವಾರಕ್ಕೊಮ್ಮೆ ನೀರು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬಿದ್ದ ಮೇಲೆ ತಾನೇ ಚಿಗುರುತ್ತದೆ.

ನೆಲಹಾಸಿನಲ್ಲಿ ಇಂಬಳ ಮತ್ತು ಶಂಖದ ಹುಳು ಅಡಗುತ್ತವೆ, ಹಾವೂ ಇರಬಹುದು. ಆದ್ದರಿಂದ ಬಾಗಿಲಿನಿಂದ ಗೇಟಿನವರೆಗಿನ ನಡೆದಾರಿಯ ಎರಡೂ ಕಡೆ ಎರಡಡಿ ಜಲ್ಲಿಯ ಪಟ್ಟಿ ಇರಲೇಬೇಕು. ಮಕ್ಕಳು ಆಡುವ ಜಾಗಕ್ಕೆ ಅರಾಚಿಸ್ ಬೇಡ, ಹುಲ್ಲೇ ಇರಲಿ.

ಬಿದಿರಿನ ಎಲೆ ಸುರುಳಿ ಸುತ್ತಿಕೊಂಡರೆ ನೀರು ಸಾಲದು. ಬೆಳಿಗ್ಗೆ ಏಳು ಗಂಟೆಗೂ ಸುರುಳಿಯಾಗಿಯೇ ಇದ್ದರೆ ಅಂದೇ ನೀರು ಕೊಡಿ. ಎಲೆಯ ಮೇಲೆ ಕಪ್ಪು ಮಸಿ ಹಿಡಿದರೆ ಎಲೆಯಡಿ ಹೇನು ಅಥವಾ ಹಿಟ್ಟುತಿಗಣೆ ಇರುತ್ತದೆ. ಮಸಿ ಒರೆಸುವುದಕ್ಕಿಂತ ನೀರಿನ ಪೈಪಿನಿಂದ ಜೋರಾಗಿ ತೊಳೆದು, ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಿಂಪಡಿಸಿ. ಬುಡಕ್ಕೆ ಬಿದ್ದ ಎಲೆ ಗುಡಿಸಬೇಡಿ, ಮೆಳೆಗೆ ಅದೇ ಗೊಬ್ಬರ.

ಎರಡನ್ನೂ ಒಟ್ಟಿಗೆ ಬೆಳೆಸುವವರು ಮೆಳೆಯ ಬುಡದಿಂದ ಮೂರಡಿ ಬಿಟ್ಟು ಅರಾಚಿಸ್ ಶುರು ಮಾಡಿ. ಅದಕ್ಕಿಂತ ಹತ್ತಿರ ತಂದರೆ ಬಿದಿರೆಲೆಯ ಹೊದಿಕೆ ಅದನ್ನು ಮುಚ್ಚಿ ಸಾಯಿಸುತ್ತದೆ.

ಈಗಾಗಲೇ ತಪ್ಪು ಗಿಡ ಕೂತಿದ್ದರೆ

ಓಡುವ ಬಿದಿರು ಇದ್ದೇ ಇದೆ, ತೆಗೆಯಲು ಮನಸ್ಸಿಲ್ಲ ಎಂದರೆ ಸುತ್ತ ಎರಡೂವರೆ ಅಡಿ ಆಳದ ಕಂದಕ ತೋಡಿ, ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ ಇಳಿಸಿ. ಮೇಲಂಚು ಎರಡು ಇಂಚು ನೆಲದಿಂದ ಹೊರಗಿರಲಿ, ಹಾಳೆ ತುಸು ಹೊರಕ್ಕೆ ವಾಲಿರಲಿ, ಆಗ ಗಡ್ಡೆ ಹಾಳೆಗೆ ಬಡಿದು ಮೇಲಕ್ಕೆ ತಿರುಗಿ ಕಣ್ಣಿಗೆ ಬೀಳುತ್ತದೆ. ನಾಲ್ಕಡಿ ವ್ಯಾಸದ ಸುತ್ತಿಗೆ ಒಂದಡಿ ಒಂದರ ಮೇಲೊಂದು ಬರುವುದನ್ನು ಸೇರಿಸಿ 14 ಅಡಿ ಹಾಳೆ ಬೇಕು. ತಳ ಮುಚ್ಚಬೇಡಿ, ಮುಚ್ಚಿದರೆ ಮಳೆನೀರು ನಿಂತು ಬಿದಿರು ಕೊಳೆಯುತ್ತದೆ. ವರ್ಷಕ್ಕೆ ಎರಡು ಸಲ ಅಂಚು ಸುತ್ತಿ, ಹಾರಿ ಬಂದ ಗಡ್ಡೆ ಕತ್ತರಿಸಿ.

ಪೂರ್ತಿ ತೆಗೆಯುವುದಾದರೆ ಮೇ ತಿಂಗಳಲ್ಲಿ ಎಲ್ಲ ಗಳು ನೆಲಮಟ್ಟಕ್ಕೆ ಕಡಿದು, ಹಾರೆ ಪಿಕಾಸಿಯಿಂದ ಗಡ್ಡೆ ಎಬ್ಬಿಸಿ. ಉಳಿದ ಚೂರುಗಳಿಂದ ಮಳೆಯಲ್ಲಿ ಮತ್ತೆ ಕಣಿಲೆ ಏಳುತ್ತದೆ. ಎಲೆ ಬಿಚ್ಚುವ ಮೊದಲೇ, ಹತ್ತು ದಿನಕ್ಕೊಮ್ಮೆ, ಒದ್ದು ಮುರಿಯುತ್ತ ಬರಬೇಕು. ಎಲೆ ಬಿಚ್ಚಲು ಬಿಡದಿದ್ದರೆ ಗಡ್ಡೆಯಲ್ಲಿ ಕೂಡಿಟ್ಟ ಸತ್ವ ಎರಡು ಮಳೆಗಾಲದಲ್ಲಿ ತೀರುತ್ತದೆ.

ವೆಡೇಲಿಯವನ್ನು ಕೀಳುವುದು ಸುಲಭ, ಕಿತ್ತದ್ದನ್ನು ಎಲ್ಲಿ ಹಾಕುತ್ತೀರಿ ಎಂಬುದೇ ಮುಖ್ಯ. ತೋಡಿಗೆ, ಚರಂಡಿಗೆ, ತೋಟದ ಮೂಲೆಗೆ ಎಸೆಯಲೇಬಾರದು. ಒಂದು ಗೆಣ್ಣು ಉಳಿದರೂ ಕೆಳಗಿನವರ ಗದ್ದೆಯಲ್ಲಿ ಬೇರು ಬಿಡುತ್ತದೆ. ಬಿಸಿಲಿನ ದಿನಗಳಲ್ಲಿ, ಕಾಫಿ ಒಣಗಿಸುವ ಕೆಲಸ ಮುಗಿದ ಮೇಲೆ, ಕಣದ ಸಿಮೆಂಟಿನ ಮೇಲೆ ತೆಳ್ಳಗೆ ಹರಡಿ. ಹತ್ತು ಹದಿನೈದು ದಿನದಲ್ಲಿ ಬಳ್ಳಿ ಮುರಿದರೆ ಚಟ್ಟನೆ ಸದ್ದಾಗುವಷ್ಟು ಒಣಗಿರುತ್ತದೆ. ಆಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು.